ಬಸ್ ನಿಲ್ದಾಣಕ್ಕೆ ಮರಳಿದ ಕೆರೆ

ಮೆಜೆಸ್ಟಿಕ್ ಬಸ್ ನಿಲ್ದಾಣದ ತುಂಬ ನೀರು. ಅರ್ಧ ಚಕ್ರ ಮುಳುಗುವಷ್ಟು ನೀರಿನಲ್ಲಿ ನೀಲಿ ಬಸ್ಸುಗಳು ಸಾಲಾಗಿ ನಿಂತಿವೆ. ರೈಲು ನಿಲ್ದಾಣ ಇರಬೇಕಾದ ಕಡೆ ಲಾಲ್‌ಬಾಗ್‌ನ ಬಂಡೆ, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಫುಟ್‌ಬೋರ್ಡ್ ಮೇಲಿರುವ ಕಂಡಕ್ಟರ್ ಇಳಿಯಲೋ ಬೇಡವೋ ಎಂಬಂತೆ ಕೆಳಗೆ ನೋಡುತ್ತಿದ್ದಾರೆ.

ಕಳೆದ ಮಾರ್ಚ್‌ನಲ್ಲಿ ಚಾಮರಾಜಪೇಟೆಯ ಹಳೇ ಮನೆಯೊಂದರ ನಡುಮನೆಯಲ್ಲಿ ಈ ಚಿತ್ರ ಕಂಡೆ. ಅಂದಿನಿಂದ ಮೆಜೆಸ್ಟಿಕ್‌ಗೆ ಹೋದಾಗಲೆಲ್ಲ ನೆಲ ನೋಡಿಕೊಂಡೇ ನಡೆಯುತ್ತೇನೆ. ಮಾಡಿದವರು ದಶಕಗಳ ಕಾಲ ಫೋಟೊ ಸ್ಟುಡಿಯೊ ನಡೆಸಿ ಬಾಗಿಲು ಮುಚ್ಚಿದ ಹಿರಿಯರು. ಹೆಸರು ಹಾಕಬೇಡಿ ಎಂದರು. "ಕೆರೆ ಇದ್ದ ಜಾಗಕ್ಕೆ ಕೆರೇನ ವಾಪಸ್ ತಂದಿಟ್ಟಿದ್ದೀನಮ್ಮ, ನೋಡು" ಎಂದರು.

ಅಲ್ಲಿದ್ದದ್ದು ಧರ್ಮಾಂಬುಧಿ ಕೆರೆ. ಪೇಟೆಯ ಜನ ಅದರ ನೀರನ್ನೇ ನಂಬಿದ್ದರು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದ ಮೇಲೆ ಕೆರೆಯನ್ನು ಕೇಳುವವರು ಇಲ್ಲವಾದರು. ಏರಿ ಈಗ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನಲ್ಲಷ್ಟೇ ಉಳಿದಿದೆ.

ಈ ಚಿತ್ರದಂತೆ ಹಲವು ಫೋಟೊಗಳನ್ನು ಸೇರಿಸಿ ಒಂದಾಗಿಸುವ ಕಲೆ ಕಂಪ್ಯೂಟರ್ ಹುಟ್ಟಿಸಿದ್ದಲ್ಲ. 1857ರಲ್ಲೇ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಮಾಡಿದ್ದರು. ಅಮೆರಿಕದ ಜೆರ್ರಿ ಯೂಲ್ಸ್‌ಮನ್ ಕತ್ತಲೆಕೋಣೆಯಲ್ಲಿ ಎನ್ಲಾರ್ಜರ್‌ಗಳನ್ನು ಸಾಲಾಗಿಟ್ಟು, ಒಂದೊಂದರಲ್ಲಿ ಒಂದೊಂದು ನೆಗೆಟಿವ್ ಕೂರಿಸಿ, ಒಂದೇ ಹಾಳೆಯನ್ನು ಎಲ್ಲದರ ಕೆಳಗೂ ಹಾಯಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಚಿತ್ರ ಹೊದಿಸುವ ಲೇಯರ್ ಫೋಟೊಶಾಪ್‌ಗೆ ಬಂದದ್ದು 1994ರಲ್ಲಿ. ನಮ್ಮ ಸ್ಟುಡಿಯೊಗಳಲ್ಲೂ ಈ ಕೈಚಳಕ ಇತ್ತು. ತೀರಿಕೊಂಡ ಯಜಮಾನರ ಚಿತ್ರವನ್ನು ಬ್ಲೇಡಿನಿಂದ ಕತ್ತರಿಸಿ ಹೆಂಡತಿಯ ಚಿತ್ರದ ಪಕ್ಕ ಅಂಟಿಸಿ, ಅಂಚಿಗೆ ಬಣ್ಣ ತೀಡಿ, ಅದರದೇ ಫೋಟೊ ತೆಗೆದು ಕಟ್ಟು ಹಾಕಿಸಿ ಕೊಡುತ್ತಿದ್ದರು. ಎಷ್ಟೋ ಮನೆಗಳ ಗೋಡೆಯ ಮೇಲಿನ ದಂಪತಿ ಚಿತ್ರ ಹೀಗೆ ಹುಟ್ಟಿದ್ದು. ಈ ಹಿರಿಯರ ಕೈ ಪಳಗಿದ್ದೂ ಅಲ್ಲೇ. ಈಗ ಉಚಿತವಾಗಿ ಸಿಗುವ ಜಿಂಪ್ ಎಂಬ ತಂತ್ರಾಂಶದಲ್ಲಿ ಮಾಡುತ್ತಾರೆ.

ನನ್ನನ್ನು ಹಿಡಿದಿಟ್ಟದ್ದು ನೆರಳಿನ ಕಥೆ. ಬಸ್ಸುಗಳನ್ನು ಅವರು ಮೇ ತಿಂಗಳ ನಡುಮಧ್ಯಾಹ್ನ ಪಾದಚಾರಿ ಸೇತುವೆಯ ಮೇಲಿಂದ ತೆಗೆದಿದ್ದರು. ಬಂಡೆಯ ಫೋಟೊ ಡಿಸೆಂಬರಿನದು, ಅದೂ ನಡುಮಧ್ಯಾಹ್ನದ್ದೇ. ಹೊತ್ತು ಒಂದೇ ಆದ್ದರಿಂದ ಹೊಂದುತ್ತದೆ ಅಂದುಕೊಂಡಿದ್ದರಂತೆ. ಹೊಂದಲಿಲ್ಲ. ಎಲ್ಲಿ ತಪ್ಪಿದೆ ಎಂದು ತಿಳಿಯದೆ ಮೂರು ದಿನ ಒದ್ದಾಡಿದ ಮೇಲೆ ಹೊಳೆಯಿತು: ಬಸ್ಸಿನ ನೆರಳು ಒಂದು ದಿಕ್ಕಿಗೆ, ಗೋಪುರದ ನೆರಳು ಅದಕ್ಕೆ ಎದುರು ದಿಕ್ಕಿಗೆ!

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ 18ರ ಸುಮಾರಿಗೆ ಹಿಂದಿರುಗುತ್ತಾನೆ. ಈ ನಡುವೆ ಮಧ್ಯಾಹ್ನದ ನೆರಳು ಇಷ್ಟೇ ಇಷ್ಟು, ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ವಸ್ತುವಿನ ಮುಕ್ಕಾಲು ಎತ್ತರದಷ್ಟು ಉದ್ದ, ಉತ್ತರಕ್ಕೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದೂ ನಾನಿದನ್ನು ಗಮನಿಸಿರಲಿಲ್ಲ. ಏಪ್ರಿಲ್ 24ರಂದು ತಾರಸಿಯ ಮೇಲೆ ಟಾರ್ಚಿನ ಸೆಲ್ಲೊಂದನ್ನು ನಿಲ್ಲಿಸಿ ಕಾದೆ. 12 ಗಂಟೆ 18 ನಿಮಿಷದ ಹೊತ್ತಿಗೆ ಅದರ ನೆರಳು ಅದರ ಬುಡದೊಳಗೇ ಅಡಗಿತು. ಮೈ ಜುಮ್ಮೆಂದಿತು.

ಹಿರಿಯರು ಮುಂದಿನ ಮೇವರೆಗೆ ಕಾದು ಬಂಡೆಯನ್ನು ಮತ್ತೆ ತೆಗೆದರು. ನೀರು ಸ್ಯಾಂಕಿ ಕೆರೆಯದು. ಪ್ರತಿಬಿಂಬಕ್ಕೆ ಬಸ್ಸಿನ ಚಿತ್ರವನ್ನೇ ತಲೆಕೆಳಗು ಮಾಡಿದರೆ ಸಾಲದು ಎಂದರು. ಸೇತುವೆಯಿಂದ ನಮಗೆ ಬಸ್ಸಿನ ಚಾವಣಿ ಕಾಣುತ್ತದೆ. ನೀರು ಬಸ್ಸನ್ನು ಕೆಳಗಿನಿಂದ ನೋಡುವುದರಿಂದ ಪ್ರತಿಬಿಂಬದಲ್ಲಿ ಚಾವಣಿ ಕಾಣಬಾರದು. ಅದಕ್ಕಾಗಿ ನಿಲ್ದಾಣದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಸ್ಸುಗಳನ್ನು ಇನ್ನೊಮ್ಮೆ ತೆಗೆದಿದ್ದಾರೆ.

ವಿಧಾನಸೌಧದ ಮೇಲೆ ತಿಮಿಂಗಿಲ ತೇಲಿಸಿದ ಚಿತ್ರಗಳು ಫೋನಿನಲ್ಲಿ ದಿನವೂ ಬರುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ತಿಮಿಂಗಿಲ, ಎಲ್ಲಿಂದಲೋ ತಂದ ಆಕಾಶ. ನನಗೆ ಅವು ರುಚಿಸುವುದಿಲ್ಲ. ತಾನೇ ನಡೆದು, ಬಿಸಿಲಲ್ಲಿ ನಿಂತು ತೆಗೆದ ಫೋಟೊಗಳಾದರೆ ಬೆಳಕು ಯಾವ ಕಡೆಯಿಂದ ಬಿತ್ತು ಎಂಬುದು ತೆಗೆದವರಿಗೆ ಗೊತ್ತಿರುತ್ತದೆ. ಬೆಳಕು ನಿಜವಾಗಿದ್ದರೆ ಮಾತ್ರ ಅಸಂಭವವೂ ನಂಬಿಕೆ ಹುಟ್ಟಿಸುತ್ತದೆ. ಒಂದು ಸಾಲು ಟೈಪ್ ಮಾಡಿ ಯಂತ್ರದಿಂದ ಚಿತ್ರ ಬರೆಸುವವರಿಗೆ ಧರ್ಮಾಂಬುಧಿ ಸಿಗಲಾರದು.

ಆಗಸ್ಟ್ 18ರ ಸುಮಾರಿಗೆ ನೆರಳಿಲ್ಲದ ಮಧ್ಯಾಹ್ನ ಬೆಂಗಳೂರಿಗೆ ಮತ್ತೆ ಬರುತ್ತದೆ. ಮೋಡ ಇಲ್ಲದಿದ್ದರೆ 12 ಗಂಟೆ 24 ನಿಮಿಷದ ಹೊತ್ತಿಗೆ ಫೋನ್ ಹಿಡಿದು ನಿಮ್ಮ ಬೀದಿಗೆ ಇಳಿಯಿರಿ. ಕಂಬ, ಗೇಟು, ತರಕಾರಿ ಗಾಡಿ, ಎದುರಿಗೆ ಕಂಡದ್ದನ್ನೆಲ್ಲ ತೆಗೆದಿಟ್ಟುಕೊಳ್ಳಿ. ಯಾವುದನ್ನು ಯಾವುದರ ಪಕ್ಕ ಇಟ್ಟರೂ ಆ ದಿನದ ನೆರಳು ತಕರಾರು ಮಾಡುವುದಿಲ್ಲ.