ಹತ್ತಿರದ ಗೋದಾಮು, ಸೋವಿ ದಾರಿ



ತಿಂಗಳ ಅಕ್ಕಿ ತರಲು ರೇಶನ್ ಅಂಗಡಿಗೆ ಹೋಗುತ್ತೀರಿ. ಮುಂದೆ ಲಾರಿ ನಿಂತಿರುತ್ತದೆ, ಹಮಾಲರು ಚೀಲ ಇಳಿಸುತ್ತಿರುತ್ತಾರೆ. ಆ ಚೀಲ ಯಾವ ಗೋದಾಮಿನಿಂದ ಬಂತು, ಬೇರೆ ಗೋದಾಮಿನಿಂದ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಅಕ್ಕಿ ಬಂದರಾಯಿತು. ಆದರೆ ಈ ಪ್ರಶ್ನೆಯ ಹಿಂದೆ ಒಂದು ಗಣಿತ ಉಂಟು. ಅದೇ ಗಣಿತ ಕುಂದಗೋಳ ತಾಲೂಕಿನ ಮೆಣಸಿನಕಾಯಿಯ ಚೀಲಕ್ಕೂ ಅನ್ವಯಿಸುತ್ತದೆ. ಅದಕ್ಕಾಗಿಯೇ ಇಂದು ಈ ಮಾತು ತೆಗೆದದ್ದು.

“ಯಾವ ಗೋದಾಮು ಹತ್ತಿರ ಐತಿ ಅಲ್ಲಿಂದ ತಂದರಾತು. ಅದರಾಗ ಗಣಿತ ಏನದರೀ?” ಎಂದು ನೀವು ಅನ್ನಬಹುದು. ಮಾತು ಕೇಳಲು ಸರಿಯಾಗಿದೆ. ಲೆಕ್ಕ ಹಾಕಿದಾಗ ಮಾತ್ರ ತಪ್ಪುತ್ತದೆ. ಹ್ಯಾಗೆಂದು ನೋಡೋಣ. ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಪಾಟಿ ಬಳಪ ತರಿಸಿರಿ.

ಎರಡು ಊರು ಇವೆ ಎಂದು ತಿಳಿಯಿರಿ: ಮೇಲಿನೂರು, ಕೆಳಗಿನೂರು. ಎರಡಕ್ಕೂ ತಿಂಗಳಿಗೆ ನೂರು ನೂರು ಕ್ವಿಂಟಲ್ ಅಕ್ಕಿ ಬೇಕು. ಗೋದಾಮೂ ಎರಡು: ಒಂದು ಹಳೇದು, ಒಂದು ಹೊಸದು. ಒಂದೊಂದರಲ್ಲಿ ನೂರು ಕ್ವಿಂಟಲ್ ಇದೆ. ಹಳೇ ಗೋದಾಮಿನಿಂದ ಮೇಲಿನೂರಿಗೆ 4 ಕಿಲೋಮೀಟರು, ಕೆಳಗಿನೂರಿಗೆ 6. ಹೊಸ ಗೋದಾಮಿನಿಂದ ಮೇಲಿನೂರಿಗೆ 8, ಕೆಳಗಿನೂರಿಗೆ 16. ಊರೂ ಅಂಕಿಯೂ ನಾನು ಲೆಕ್ಕಕ್ಕಾಗಿ ಹುಟ್ಟಿಸಿದವು, ನಕಾಶೆಯಲ್ಲಿ ಹುಡುಕಬೇಡಿರಿ.

ಎರಡೂ ಊರಿಗೆ ಹಳೇ ಗೋದಾಮೇ ಹತ್ತಿರ. ಆದರೆ ಅಲ್ಲಿರುವ ಅಕ್ಕಿ ಒಂದೇ ಊರಿಗೆ ಸಾಕು. ನ್ಯಾಯ ಮಾಡಲು ಕುಳಿತ ಹಿರಿಯರು ಏನೆಂದಾರು? “ಮೇಲಿನೂರು 4 ಕಿಲೋಮೀಟರಿನಲ್ಲಿ ಐತಿ, ಅದರ ಹಕ್ಕು ಮೊದಲು.” ಹಾಗಾದರೆ ಮೇಲಿನೂರಿನದು ನೂರು ಗುಣಿಸು ನಾಲ್ಕು, 400. ಕೆಳಗಿನೂರಿಗೆ ಹೊಸ ಗೋದಾಮೇ ಗತಿ: ನೂರು ಗುಣಿಸು ಹದಿನಾರು, 1600. ಕೂಡಿಸಿದರೆ 2000. ಒಂದು ಕ್ವಿಂಟಲನ್ನು ಒಂದು ಕಿಲೋಮೀಟರು ಒಯ್ದರೆ ಒಂದು ‘ಕ್ವಿಂಟಲ್-ಕಿಲೋಮೀಟರು’. ಸಾಗಣೆಯವರು ಅಳೆಯುವುದು ಇದರಿಂದಲೇ.

ಈಗ ತಿರುವಿ ಹಾಕಿರಿ. ಮೇಲಿನೂರಿಗೆ ಹೊಸ ಗೋದಾಮಿನಿಂದ: 800. ಕೆಳಗಿನೂರಿಗೆ ಹಳೇದರಿಂದ: 600. ಒಟ್ಟು 1400. ಮೇಲಿನೂರಿನ ಅಕ್ಕಿ ದುಪ್ಪಟ್ಟು ದೂರದಿಂದ ಬಂತು, ಆದರೂ ಒಟ್ಟಿನಲ್ಲಿ 600 ಉಳಿಯಿತು! ಕ್ವಿಂಟಲ್-ಕಿಲೋಮೀಟರಿಗೆ ಒಂದೇ ರೂಪಾಯಿ ಬಾಡಿಗೆ ಹಿಡಿದರೂ ವರ್ಷಕ್ಕೆ 7200 ರೂಪಾಯಿ.

ಮೇಲಿನೂರಿನವರು ಸುಮ್ಮನಿರುತ್ತಾರೆಯೆ? “ನಮ್ಮ ಬಾಜೂಕ ಗೋದಾಮು ಇಟಗೊಂಡು ದೂರದ ಅಕ್ಕಿ ಯಾಕ ತಿನ್ನೂಣು?” ಎಂದು ಕೇಳಿಯೇ ಕೇಳುತ್ತಾರೆ. ರೇಶನ್ ಅಕ್ಕಿಯ ವಿಷಯದಲ್ಲಿ ಅಂಗಡಿಯವರೆಗಿನ ಸಾಗಣೆ ಖರ್ಚು ಸರ್ಕಾರದ್ದು, ಆದ್ದರಿಂದ ಅವರಿಗೆ ನಷ್ಟವಿಲ್ಲ. ಆದರೆ ನಿಮ್ಮ ಸಂಘದ ಗಾಡಿಯಲ್ಲಿ ಇಂಥ ಏರ್ಪಾಟು ಮಾಡಿದರೆ, ದೂರದ ದಾರಿ ಒಪ್ಪಿಕೊಂಡವರಿಗೆ ಉಳಿದ ಹಣದಲ್ಲಿ ಪಾಲು ಕೊಡಲೇಬೇಕು. ಇಲ್ಲದಿದ್ದರೆ ಗಣಿತ ಸರಿಯಾಗಿದ್ದರೂ ಮರುವರ್ಷ ಸಂಘ ಉಳಿಯುವುದಿಲ್ಲ.

ಎರಡು ಗೋದಾಮು, ಎರಡು ಊರು ಇದ್ದರೆ ದಾರಿ ಎರಡೇ. ಹತ್ತು ಗೋದಾಮು, ಹತ್ತು ಊರು ಇದ್ದು ಒಂದಕ್ಕೆ ಒಂದು ಜೋಡಿಸುವುದಾದರೆ 36 ಲಕ್ಷ 28 ಸಾವಿರದ 800 ರೀತಿ ಆಗುತ್ತವೆ. ಒಂದೊಂದನ್ನೇ ಬರೆದು ನೋಡುತ್ತ ಕುಳಿತರೆ ಅಕ್ಕಿಗೆ ಹುಳ ಬಿದ್ದೀತು. ಈ ತೊಡಕನ್ನು ಬಿಡಿಸುವ ಉಪಾಯ ರಷ್ಯಾ ದೇಶದ ಕಾಂಟೊರೊವಿಚ್ ಎಂಬ ಗಣಿತಜ್ಞರಿಗೆ 1939ರಲ್ಲಿ ಹೊಳೆಯಿತು. ಹಲಗೆ ಮಾಡುವ ಕಾರಖಾನೆಯೊಂದು ತನ್ನ ಯಂತ್ರಗಳಿಗೆ ಕೆಲಸ ಹಂಚುವುದು ಹೇಗೆಂದು ಅವರನ್ನು ಕೇಳಿತ್ತು. ಅಮೆರಿಕದಲ್ಲಿ ಹಿಚ್‌ಕಾಕ್ 1941ರಲ್ಲಿ ಸಾಗಣೆಯ ಲೆಕ್ಕವನ್ನೇ ಬಿಡಿಸಿದರು, ಡಾಂಟ್ಸಿಗ್ 1947ರಲ್ಲಿ ಇಂಥ ಲೆಕ್ಕಗಳಿಗೆಲ್ಲ ಒಂದೇ ಪದ್ಧತಿ ಕೊಟ್ಟರು. ಉಪಾಯದ ತಿರುಳು ಇಷ್ಟು: ಹೇಗಾದರೂ ಒಂದು ಹಂಚಿಕೆ ಮಾಡು. ಎರಡು ಊರಿನ, ಮೂರು ಊರಿನ, ನಾಲ್ಕು ಊರಿನ ಪಾಲು ಸುತ್ತ ಅದಲುಬದಲು ಮಾಡಿದರೆ ಖರ್ಚು ಇಳಿಯುತ್ತದೆಯೆ ನೋಡು. ಇಳಿದರೆ ಬದಲಿಸು. ಇಂಥ ಯಾವ ಸುತ್ತಿನಿಂದಲೂ ಕಾಸು ಉಳಿಯದಾದಾಗ ನಿಲ್ಲಿಸು. ಅದಕ್ಕಿಂತ ಸೋವಿ ಹಂಚಿಕೆ ಬೇರೆ ಇಲ್ಲವೆಂದು ಗಣಿತ ಖಾತ್ರಿ ಕೊಡುತ್ತದೆ. ಊರು, ಗೋದಾಮು, ದೂರ, ತೂಕ ಎಲ್ಲವನ್ನೂ ಹೀಗೆ ಅಂಕಿಗಳಲ್ಲಿ ಬರೆದಿಡುವುದಕ್ಕೆ ಗಣಿತದ ಮಾದರಿ ಎನ್ನುತ್ತಾರೆ. ಮಗ್ಗಲು ಬದಲಿಸಿ ನೋಡುವ ಕೆಲಸ ಈಗ ಕಂಪ್ಯೂಟರಿನದು.

ಇದು ಪುಸ್ತಕದಲ್ಲೇ ಉಳಿದಿಲ್ಲ. 2024ರ ಡಿಸೆಂಬರ್ 5ರಂದು, ನಮ್ಮ ಧಾರವಾಡ ಕ್ಷೇತ್ರದಿಂದಲೇ ಆರಿಸಿಹೋದ ಪ್ರಹ್ಲಾದ ಜೋಶಿಯವರು ಕೇಂದ್ರ ಆಹಾರ ಸಚಿವರಾಗಿ ದಿಲ್ಲಿಯಲ್ಲಿ ‘ಅನ್ನ ಚಕ್ರ’ ಎಂಬ ಏರ್ಪಾಟನ್ನು ಆರಂಭಿಸಿದರು. ರೇಶನ್ ಧಾನ್ಯ ಯಾವ ಗೋದಾಮಿನಿಂದ ಯಾವ ಅಂಗಡಿಗೆ ಹೋಗಬೇಕೆಂದು ಲೆಕ್ಕ ಹಾಕುವ ಈ ಸಾಧನವನ್ನು ವಿಶ್ವ ಆಹಾರ ಕಾರ್ಯಕ್ರಮ ಮತ್ತು ದಿಲ್ಲಿಯ ಐ.ಐ.ಟಿ.ಯ ಸಂಸ್ಥೆಯೊಂದರ ಜೊತೆಗೂಡಿ ಸಿದ್ಧಪಡಿಸಲಾಯಿತು. ಸುಮಾರು 6700 ಗೋದಾಮು, 4 ಲಕ್ಷ 37 ಸಾವಿರ ಅಂಗಡಿಗಳ ಲೆಕ್ಕ ಇದು. 30 ರಾಜ್ಯಗಳಲ್ಲಿ ವರ್ಷಕ್ಕೆ 250 ಕೋಟಿ ರೂಪಾಯಿ ಉಳಿದೀತೆಂದು ಸರ್ಕಾರದ ಅಂದಾಜು.

ಆದರೆ ಕಂಪ್ಯೂಟರಿಗೆ ನಾವು ಹೇಳಿದಷ್ಟೇ ಗೊತ್ತು. ನಮ್ಮದು ಎರಿ ಭೂಮಿ. ಮಳೆ ಹಿಡಿದು ಬೆಣ್ಣಿಹಳ್ಳ ತುಂಬಿ ಬಂದ ದಿವಸ, ಕಾಗದದ ಮೇಲೆ 8 ಕಿಲೋಮೀಟರಿನ ದಾರಿ ದಾರಿಯೇ ಅಲ್ಲ. ಬಲ್ಲವರು ಆಗ ಆ ದಾರಿಯ ದೂರವನ್ನು 8 ಎಂದು ಬರೆಯದೆ 8000 ಎಂದು ಬರೆಯುತ್ತಾರೆ. ಲೆಕ್ಕ ತಾನಾಗಿ ಅತ್ತ ಹೋಗುವುದನ್ನು ಬಿಡುತ್ತದೆ. ಹಳ್ಳ ಬಂದಿದೆಯೆಂದು ಹೇಳುವವರು ಮಾತ್ರ ಊರಿನವರೇ ಆಗಬೇಕು.

ಇನ್ನು ನಿಮ್ಮ ಮೆಣಸಿನಕಾಯಿಗೆ ಬರೋಣ. ಮನೆಯಲ್ಲಿ ಒಣಗಿಸಿ, ಹೆಣ್ಣುಮಕ್ಕಳು ಕೂತು ಆರಿಸಿ ಚೀಲ ತುಂಬಿದ 5 ಕ್ವಿಂಟಲ್ ಕಾಯಿ ಇದೆ ಎನ್ನಿ. ಹುಬ್ಬಳ್ಳಿಯ ಅಮರಗೋಳಕ್ಕೆ ಒಯ್ಯುವುದೋ, ಬ್ಯಾಡಗಿಗೆ ಒಯ್ಯುವುದೋ? ಬ್ಯಾಡಗಿಯಲ್ಲಿ ಕ್ವಿಂಟಲಿಗೆ 800 ರೂಪಾಯಿ ಹೆಚ್ಚು ಎಂದು ಸುದ್ದಿ ಬಂತು. ಐದು ಕ್ವಿಂಟಲಿಗೆ 4000 ಹೆಚ್ಚಾಯಿತು. ಗಾಡಿ ಬಾಡಿಗೆ 3000 ಜಾಸ್ತಿ. ಒಂದು ದಿನದ ಕೆಲಸ ಕೆಟ್ಟದ್ದು, ಊಟ, ವಸತಿ ಸೇರಿ 1500. ಒಟ್ಟು 4500. ಹೆಚ್ಚಿನ ಧಾರಣೆ ಪಡೆದು 500 ರೂಪಾಯಿ ಕಳಕೊಂಡು ಬಂದಿರಿ! (ಇವೂ ಉದಾಹರಣೆಯ ಅಂಕಿ, ಇವತ್ತಿನ ಧಾರಣೆಯಲ್ಲ.)

ಅದೇ ಗಾಡಿಯಲ್ಲಿ ಮೂರು ಮನೆಯ 15 ಕ್ವಿಂಟಲ್ ಹೇರಿ, ಮೂವರ ಪರವಾಗಿ ಒಬ್ಬರೇ ಹೋದರೆ? ಹೆಚ್ಚಿನ ಧಾರಣೆ 12,000, ಖರ್ಚು ಅದೇ 4500. ಉಳಿದದ್ದು 7500, ಮನೆಗೆ 2500. ಕಾಯಿ ಮಾತ್ರ ಬೆರಕೆ ಮಾಡಬೇಡಿರಿ. ಬಣ್ಣ, ಒಣಗು ಒಬ್ಬೊಬ್ಬರದು ಒಂದೊಂದು ತರಹ. ಚೀಲದ ಮೇಲೆ ಹೆಸರು ಬರೆದು, ತೂಕದ ಚೀಟಿ ಬೇರೆ ಬೇರೆ ತರಿಸಿರಿ. ಮೂರು ಮನೆ ಜಗಳಾಡುವುದು ಬಾಡಿಗೆಗಲ್ಲ, ಈ ಚೀಟಿಗೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಗೋದಾಮಿನ ಲೆಕ್ಕದಲ್ಲಿ ದೂರ ಬದಲಾಗುವುದಿಲ್ಲ, ಮಾರುಕಟ್ಟೆಯ ಲೆಕ್ಕದಲ್ಲಿ ಧಾರಣೆ ಬದಲಾಗುತ್ತದೆ. ಒಳ್ಳೆಯ ಧಾರಣೆ ಕೇಳಿ ಎಲ್ಲರೂ ಒಂದೇ ದಿನ ಒಂದೇ ಕಡೆ ಹೋದರೆ ಆ ಧಾರಣೆ ನಿಲ್ಲುವುದಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಗೆ ಲಕ್ಷಗಟ್ಟಲೆ ಚೀಲ ಬಂದು ಬಿದ್ದಿದ್ದವು. ಧಾರಣೆ ಕುಸಿಯಿತು, ರೈತರ ಸಿಟ್ಟು ಕಟ್ಟೆಯೊಡೆಯಿತು, ವಾಹನಗಳು ಸುಟ್ಟುಹೋದವು. ಆ ದಿನ ಅಲ್ಲಿದ್ದ ಎಷ್ಟೋ ಜನರ ಚೀಲದಲ್ಲಿ ಒಳ್ಳೆಯ ಕಾಯಿಯೇ ಇತ್ತು.

ಆದ್ದರಿಂದ ಗಾಡಿ ಹೇರುವ ಮೊದಲು ಅಡತಿ ಅಂಗಡಿಗೆ ಫೋನು ಮಾಡಿ ಎರಡು ವಿಷಯ ಕೇಳಿರಿ: ಇವತ್ತಿನ ಧಾರಣೆ ಎಷ್ಟು, ಎಷ್ಟು ಚೀಲ ಆವಕವಾಗಿದೆ. ಬಳಿಕ ನಿಮ್ಮ ಹೆಚ್ಚಿನ ಖರ್ಚನ್ನು ಕ್ವಿಂಟಲಿನಿಂದ ಭಾಗಿಸಿರಿ. ಮೇಲಿನ ಉದಾಹರಣೆಯಲ್ಲಿ ಒಬ್ಬರೇ ಹೋದರೆ 900, ಮೂವರು ಕೂಡಿದರೆ 300. ಎರಡು ಪೇಟೆಗಳ ಧಾರಣೆಯ ಅಂತರ ಅದಕ್ಕಿಂತ ಕಡಿಮೆ ಇದ್ದ ದಿವಸ ಗಾಡಿಯನ್ನು ಹುಬ್ಬಳ್ಳಿ ಕಡೆಗೆ ತಿರುಗಿಸಿರಿ. ಆವಕ ವಿಪರೀತವೆಂದು ತಿಳಿದರೆ ಅರ್ಧ ಮಾಲು ಕಳಿಸಿ ಅರ್ಧ ಮನೆಯಲ್ಲೇ ಇಡಿರಿ. ಇಡುವ ಕಾಯಿ ಚೆನ್ನಾಗಿ ಒಣಗಿರಬೇಕು, ನೆಲಕ್ಕೆ ಹಲಗೆ ಹಾಸಿರಬೇಕು.