ಆತ್ಮರಕ್ಷಣೆಯ ವರಸೆ

ತೊಗರ್ಸಿ ಗ್ರಾಮವೂ ಸೇರಿದಂತೆ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹೇರಳವಾಗಿ ದೊರೆಯುವ ವೀರಗಲ್ಲುಗಳು, ತುರುಗೋಳ್ ಅಂದರೆ ದನಗಳ ಅಪಹರಣ, ಊರಳಿವು ಅಂದರೆ ಊರಿನ ಮೇಲಿನ ದಾಳಿ, ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೊರೆ, ಇಂಥ ಸಂದರ್ಭಗಳಲ್ಲಿ ಕಾದಾಡಿ ಮಡಿದವರ ಸ್ಮಾರಕಗಳು. ಅಲ್ಲಿ ಗೌರವ ಸಲ್ಲುವುದು ವೀರಮರಣಕ್ಕೆ. ಇಂದಿನ ಆತ್ಮರಕ್ಷಣಾ ಕಲೆಯಾದರೋ ಜೀವಸಹಿತ ಮನೆ ಸೇರುವುದನ್ನೇ ಗೆಲುವೆಂದು ಎಣಿಸುತ್ತದೆ.

ಕುಸ್ತಿಗೂ ಇದಕ್ಕೂ ಇರುವ ಅಂತರವೂ ಇಷ್ಟೇ ದೊಡ್ಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗವು ಜಟ್ಟಿಗಳ ದರ್ಜೆ, ಆಹಾರ, ಸಾಮು, ಪಟ್ಟುಗಳನ್ನು ವಿವರಿಸುತ್ತದೆ. ಗರಡಿಯ ಶಿಸ್ತು ಮೈಗೆ ಬಲವನ್ನೂ ನೆಲೆಯನ್ನೂ ಕೊಡುವುದು ನಿಜವಾದರೂ, ಸರಿಜೋಡಿ, ಮೆತ್ತನೆಯ ಮಟ್ಟಿ, ತೀರ್ಪುಗಾರ ಇವಾವುವೂ ಬೀದಿಯಲ್ಲಿ ಸಿಗುವುದಿಲ್ಲ. ಎದುರಾಳಿಯನ್ನು ಚಿತ್ ಮಾಡಲು ಹೊರಟವನು ಅವನ ಜೊತೆಗಾರನ ಕೈಗೆ ಸಿಕ್ಕಿಬೀಳಬಹುದು.

ಆದ್ದರಿಂದ ಮೊದಲ ತತ್ತ್ವ ಅಂತರ. ಅಪರಿಚಿತನು ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಬರುವ ಮುನ್ನವೇ ಹಿಂದೆ ಸರಿದು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಮುಂದೆ ಹಿಡಿದು, ನಾಲ್ಕು ಜನರಿಗೆ ಕೇಳುವಂತೆ ‘ಅಲ್ಲೇ ನಿಲ್ಲು’ ಎಂದು ಗದರುವುದರಿಂದಲೇ ಅನೇಕ ಸಲ ಕೆಲಸ ಮುಗಿಯುತ್ತದೆ. ಮಣಿಕಟ್ಟನ್ನು ಹಿಡಿದುಬಿಟ್ಟರೆ ಬಲಕ್ಕೆ ಬಲ ಕೊಟ್ಟು ಜಗ್ಗುವುದು ವ್ಯರ್ಥ. ಹಿಡಿತದ ಒಂದು ಕಡೆ ನಾಲ್ಕು ಬೆರಳುಗಳಿದ್ದರೆ ಇನ್ನೊಂದು ಕಡೆ ಹೆಬ್ಬೆರಳು ಮಾತ್ರ ಇರುವುದರಿಂದ, ಅವು ಕೂಡುವ ಸಂದೇ ಅದರ ದುರ್ಬಲ ಜಾಗ. ಮುಂಗೈಯ ಕಿರಿದಾದ ಅಂಚನ್ನು ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಹತ್ತಿರವಾಗಿ, ಮೊಣಕೈಯನ್ನು ಮಡಚಿ ಮೈಯ ಭಾರವನ್ನೆಲ್ಲ ಹೂಡಿ ಒಮ್ಮೆಲೇ ಸೆಳೆದರೆ ಕೈ ಬಿಡಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಬಿಡುಗಡೆಯಾದ ಬಳಿಕ ಇನ್ನೊಂದು ಏಟು ಹಾಕಲೆಂದು ನಿಲ್ಲದೆ, ಬೆಳಕೂ ಜನರೂ ಇರುವ ಕಡೆಗೆ ಓಡಬೇಕು. ಹೇಡಿತನವೆಂದು ಹಳಿಸಿಕೊಳ್ಳುವ ಈ ಓಟವೇ ವಿದ್ಯೆಯ ಮುಖ್ಯ ಪಾಠ.

1930ರ ದಶಕದಲ್ಲಿ ಬ್ರಾಟಿಸ್ಲಾವಾದ ಬೀದಿಕಾಳಗಗಳ ಅನುಭವದಿಂದ ಇಮಿ ಲಿಚ್ಟೆನ್‌ಫೆಲ್ಡ್ ರೂಪಿಸಿದ ಕ್ರಾವ್ ಮಗಾ ಪದ್ಧತಿಯೂ ಗಾಬರಿಯಲ್ಲಿ ನೆನಪಿಗೆ ಬರುವಂಥ ಸರಳ ಚಲನೆಗಳನ್ನೇ ನೆಚ್ಚಿಕೊಂಡಿದೆ. ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಕರಾಟೆ ಕಲಿಸುತ್ತಿರುವುದು ಒಳ್ಳೆಯದೇ. ಆದರೆ ಸಾಲಾಗಿ ನಿಂತು ಗಾಳಿಗೆ ಗುದ್ದುವುದರಲ್ಲಿಯೇ ತರಬೇತಿ ಮುಗಿದರೆ ಅದು ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಸಾಕಾದೀತು, ಅಷ್ಟೆ. ನಿಜವಾಗಿ ಬಿಗಿಹಿಡಿದು ಎದುರೊಡ್ಡುವ ಜೊತೆಗಾತಿಯೊಡನೆ ಅಭ್ಯಾಸವಾಗದ ಹೊರತು ಪಟ್ಟು ಕೈಗೂಡದು.

ಹೊಡೆದಾಡುವುದಲ್ಲ, ಪಾರಾಗುವುದೇ ಗುರಿಯೆಂಬ ಜಾಡಿನಲ್ಲೇ ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕುರಿತವು. ಅಪಾಯದ ಸಕಾರಣ ಭಯ ಹುಟ್ಟಿದೊಡನೆ ದೇಹರಕ್ಷಣೆಯ ಹಕ್ಕು ಆರಂಭವಾಗುವುದರಿಂದ ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಲ್ಲ; ಆ ಭಯ ತೀರಿದೊಡನೆ ಹಕ್ಕೂ ತೀರುತ್ತದೆ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಗೆ 37ನೆಯ ಕಲಮು ಅವಕಾಶ ಕೊಡುವುದಿಲ್ಲ.