ಕಡಲ ಕಲ್ಲಿನ ಗಿರಿಶಿಖರ

ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವನ್ನಿಟ್ಟು ಪೂಜಿಸುವ ಮನೆಗಳು ನಮ್ಮಲ್ಲಿ ಅನೇಕವಿವೆ. ಅದರೊಳಗೆ ಕಾಣುವ ಚಕ್ರವು ಪೂರ್ವಕಾಲದ ಸಮುದ್ರಜಂತುವೊಂದರ ಚಿಪ್ಪಿನ ಗುರುತೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಅದು ದೊರೆಯುವುದು ಸಮುದ್ರತೀರದಲ್ಲಲ್ಲ, ಹಿಮಾಲಯವನ್ನು ಸೀಳಿ ಹರಿಯುವ ಗಂಡಕೀ ನದಿಯ ಪಾತ್ರದಲ್ಲಿ. ದಕ್ಷಿಣದಿಂದ ಸರಿದುಬಂದ ಭರತಖಂಡದ ನೆಲವು ಸುಮಾರು ೫ ಕೋಟಿ ವರ್ಷಗಳ ಹಿಂದೆ ಏಷ್ಯಾದ ಅಂಚನ್ನು ತಾಗಿ ಒತ್ತಲಾರಂಭಿಸಿತು. ನಡುವಣ ಕಡಲತಳವು ಮಡಿಕೆಮಡಿಕೆಯಾಗಿ ಮೇಲೆದ್ದು ಪರ್ವತವಾಯಿತು.

ಆ ಮಡಿಕೆಗಳಲ್ಲಿ ಅತ್ಯುನ್ನತವಾದುದು ಎವರೆಸ್ಟ್. ಟಿಬೆಟಿನವರು ಅದನ್ನು ಚೋಮೋಲುಂಗ್ಮಾ ಎನ್ನುತ್ತಾರೆ, ನೇಪಾಳದಲ್ಲಿ ಸಾಗರಮಾಥಾ ಎಂಬ ಹೆಸರಿದೆ. (ಗೌರೀಶಂಕರವೂ ಇದೂ ಒಂದೇ ಎಂಬ ತಪ್ಪು ತಿಳಿವಳಿಕೆ ಬಹುಕಾಲವಿದ್ದಿತು, ಅವು ಬೇರೆಬೇರೆ ಎಂಬುದು ೧೯೦೩ರಲ್ಲಿ ನಿಶ್ಚಯವಾಯಿತು.) ೨೦೨೦ರಲ್ಲಿ ನೇಪಾಳ ಮತ್ತು ಚೀನಾ ಸರಕಾರಗಳು ಪ್ರಕಟಿಸಿದ ಪ್ರಕಾರ ಇದರ ಎತ್ತರ ೮,೮೪೮.೮೬ ಮೀಟರು, ಎಂದರೆ ಸುಮಾರು ೨೯,೦೩೨ ಅಡಿ.

ಈ ಪರ್ವತದ ಬುಡದಲ್ಲಿರುವುದು ಕಾವಿಗೂ ಒತ್ತಡಕ್ಕೂ ಸಿಕ್ಕಿ ರೂಪಾಂತರ ಹೊಂದಿದ ಗಡಸು ಕಲ್ಲು. ಅದರ ಬಿರುಕುಗಳಲ್ಲಿ ಬಿಳಿಯ ಗ್ರಾನೈಟು ನುಗ್ಗಿ ಹೆಪ್ಪುಗಟ್ಟಿದೆ. ಮೇಲೆ ಹೋದಂತೆ, ದೂರದಿಂದಲೂ ಕಣ್ಣಿಗೆ ಬೀಳುವ ಹಳದಿಯ ಪಟ್ಟಿಯೊಂದು ಬೆಟ್ಟವನ್ನು ಬಳಸಿದೆ. ಅದಕ್ಕೂ ಮೇಲೆ, ನೆತ್ತಿಯವರೆಗೆ, ಬೂದುಬಣ್ಣದ ಸುಣ್ಣದ ಕಲ್ಲು. ಇದು ಸಾಲಿಗ್ರಾಮಕ್ಕಿಂತಲೂ ಬಹಳ ಹಳೆಯದು; ಸುಮಾರು ೪೫ ಕೋಟಿ ವರ್ಷಗಳ ಹಿಂದಿನ ಕಡಲಜೀವಿಗಳ ಚೂರುಗಳು ಇದರಲ್ಲಿ ದೊರೆತಿವೆ.

ಈ ಪದರಗಳೆಲ್ಲ ಉತ್ತರಕ್ಕೆ ಓರೆಯಾಗಿ ಮಲಗಿರುವುದೇ ಆರೋಹಿಗಳ ಪಾಲಿಗೆ ದೊಡ್ಡ ಸಂಗತಿ. ಹೆಂಚಿನ ಮಾಡನ್ನು ಸೂರಿನ ಕಡೆಯಿಂದ ಹತ್ತಿದವರು ಇದನ್ನು ಬಲ್ಲರು: ಪ್ರತಿಯೊಂದು ಹೆಂಚೂ ಕೆಳಮುಖವಾಗಿ ಜಾರುತ್ತದೆ, ಕೈಗೆ ಹಿಡಿಯಲು ಅಂಚು ಸಿಕ್ಕುವುದಿಲ್ಲ. ಉತ್ತರದ ಮುಖವು ಅಂತಹ ಮಾಡು. ಹೆಂಚುಗಳ ಮೇಲೆ ಪುಡಿಗಲ್ಲೂ ಹಿಮವೂ ಚೆಲ್ಲಿವೆ. ನೇಪಾಳವು ಆಗ ಪರದೇಶಿಯರಿಗೆ ಬಾಗಿಲು ಮುಚ್ಚಿದ್ದುದರಿಂದ ಆಂಗ್ಲ ಆರೋಹಿಗಳು ೧೯೨೧ರಿಂದ ಟಿಬೆಟಿನ ಈ ಮಾರ್ಗವನ್ನೇ ಹಿಡಿಯಬೇಕಾಯಿತು. ೧೯೨೪ರ ಜೂನ್ ೪ರಂದು ನಾರ್ಟನ್ನರು ಮೊಳೆ ಹೊಡೆದ ಬೂಟುಗಳಲ್ಲಿ, ಕೃತಕ ಪ್ರಾಣವಾಯುವಿಲ್ಲದೆ, ಈ ಓರೆಗಲ್ಲುಗಳ ಮೇಲೆ ೨೮,೧೨೬ ಅಡಿಯವರೆಗೆ ಹೋಗಿ ಹಿಂದಿರುಗಿದರು.

ನಾಲ್ಕು ದಿನಗಳ ಮೇಲೆ ಮ್ಯಾಲೊರಿ, ಇರ್ವಿನ್ ಎಂಬಿಬ್ಬರು ಕೋಡುಬೆನ್ನಿನ ಮಾರ್ಗವಾಗಿ ಹೊರಟರು. ತಂಡದ ಭೂಗರ್ಭಶಾಸ್ತ್ರಜ್ಞರಾದ ಓಡೆಲ್ಲರು ಅವರ ಹಿಂದೆ ಒಬ್ಬರೇ, ಕಲ್ಲುಗಳನ್ನು ಪರೀಕ್ಷಿಸುತ್ತ, ಏರುತ್ತಿದ್ದರು. ಸುಮಾರು ೨೬,೦೦೦ ಅಡಿಯ ಎತ್ತರದಲ್ಲಿ ಜೀವ್ಯವಶೇಷವುಳ್ಳ ಕಲ್ಲು ದೊರೆತು ಅವರು ಹಿಗ್ಗಿದರು. ಅಷ್ಟರಲ್ಲಿಯೇ ಮೇಲಣ ಮಂಜು ಸರಿಯಿತು. ೧೨ ಗಂಟೆ ೫೦ ನಿಮಿಷ. ಕೋಡಿನ ಮೇಲೆ, ಒಂದು ಕಲ್ಲಿನ ಮೆಟ್ಟಿಲಿನ ಬಳಿ, ಎರಡು ಕರಿಯ ಚುಕ್ಕೆಗಳು ಚಲಿಸುತ್ತಿದ್ದವು. ಮತ್ತೆ ಮಂಜು ಮುಚ್ಚಿತು. ಆ ಇಬ್ಬರು ಹಿಂದಿರುಗಲಿಲ್ಲ. ಮ್ಯಾಲೊರಿಯ ದೇಹವು ೧೯೯೯ರಲ್ಲಿ ದೊರೆಯಿತು. ಇರ್ವಿನ್ನನ ಹೆಸರು ಹೊಲಿದ ಕಾಲುಚೀಲವೂ ಬೂಟೂ ೨೦೨೪ರಲ್ಲಿ ಕೆಳಗಣ ಹಿಮನದಿಯಲ್ಲಿ ಸಿಕ್ಕಿದುವು. ಅವರು ನೆತ್ತಿಯನ್ನು ಮುಟ್ಟಿದರೋ ಇಲ್ಲವೋ ಎಂಬುದು ಇಂದಿಗೂ ಬಗೆಹರಿದಿಲ್ಲ. ಆ ಕೋಡಿನ ಎರಡನೆಯ ಮೆಟ್ಟಿಲು ಕಡಿದಾದ ಬಂಡೆಯ ಗೋಡೆ. ೧೯೬೦ರಲ್ಲಿ ಚೀನಾದವರು ಒಬ್ಬರ ಹೆಗಲನ್ನೊಬ್ಬರು ಏರಿ ಅದನ್ನು ದಾಟಿದರು, ೧೯೭೫ರಲ್ಲಿ ಏಣಿಯನ್ನೇ ಕಟ್ಟಿದರು.

ದಕ್ಷಿಣದ ದಾರಿ ಬಹುಮಟ್ಟಿಗೆ ಹಿಮದ ದಾರಿ. ಅಲ್ಲಿ ಭಯವಿರುವುದು ಮೊದಲಲ್ಲಿಯೇ: ಖುಂಬು ಹಿಮನದಿಯು ಒಡೆದು ಬೀಳುವ ಕಡೆ, ಮನೆಗಾತ್ರದ ಹಿಮದ ಗಡ್ಡೆಗಳ ನಡುವೆ ನುಸುಳಬೇಕು. ೨೦೧೪ರ ಏಪ್ರಿಲ್ ೧೮ರಂದು ಕುಸಿದ ಹಿಮವು ಹೊರೆಹೊತ್ತು ದಾರಿಮಾಡುತ್ತಿದ್ದ ೧೬ ಮಂದಿ ನೇಪಾಳಿಗಳನ್ನು ಬಲಿಗೊಂಡಿತು. ಮೇಲೆ ಲೋಟ್ಸೆಯ ಇಳಿಜಾರಿನಲ್ಲಿ ಅದೇ ಹಳದಿಯ ಪಟ್ಟಿಯನ್ನು ದಾಟಿ, ದಕ್ಷಿಣದ ಕಣಿವೆಬಾಯಿಯಿಂದ ಆಗ್ನೇಯದ ಕೋಡನ್ನು ಹಿಡಿಯಬೇಕು. ತೇನ್‌ಸಿಂಗ್ ಮತ್ತು ಹಿಲರಿ ೧೯೫೩ರ ಮೇ ೨೯ರಂದು ನೆತ್ತಿಯನ್ನೇರಿದ್ದು ಹೀಗೆಯೇ. ಅಲ್ಲಿ ಕಾಲ ಕೆಳಗಿದ್ದುದು ಹಿಮ. ಇಳಿಯುವಾಗ ಮೊದಲು ಕಂಡ ಬರಿಯ ಬಂಡೆಗಳ ಬಳಿ ಹಿಲರಿಯವರು ಬಗ್ಗಿ, ಕೆಲವು ಕಲ್ಲಿನ ಚೂರುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡರು.